ಬಿಸಿ ಬಾನೆಟ್, ಬಿಸಿ ಮಿರ್ಚಿ

ಸ್ನೇಹಿತರೇ, ಕಾರು ನೋಡಲು ಹೋಗಿ ಹೊಟ್ಟೆ ತುಂಬ ಮಿರ್ಚಿ ಬಜ್ಜಿ ತಿಂದು ಬಂದಿದ್ದೇನೆ.

ಆಪರೇಷನ್ ಆದ ನನ್ನ ಎಡಮಂಡಿ ಕ್ಲಚ್ ಒತ್ತಲು ಒಪ್ಪುತ್ತಿಲ್ಲ. ದಾವಣಗೆರೆಯಿಂದ ಹರಿಹರದ ಶಾಲೆಗೆ ಪಾಠ ಮಾಡಲು ದಿನಾ ಹೋಗಬೇಕು. ಅದಕ್ಕೇ ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರಿನ ಹುಡುಕಾಟ. ಇವತ್ತು ಮೆಕ್ಯಾನಿಕ್ ರುದ್ರಣ್ಣನನ್ನು ಕರೆದುಕೊಂಡು ಕಾರು ಮಾರಾಟಕ್ಕಿಟ್ಟಿದ್ದ ಗುತ್ತೂರಿನ ಕೊಟ್ರಪ್ಪನವರ ಮನೆಗೆ ಹೋದೆ. ರುದ್ರಣ್ಣ ಕಾರಿನ ಬಣ್ಣವನ್ನೂ ನೋಡದೆ ಬಾನೆಟ್ ಮೇಲೆ ಅಂಗೈ ಇಟ್ಟ.

“ಬಿಸಿ ಐತಲ್ರಿ! ತಣ್ಣಗಿದ್ರೆ ಸ್ಟಾರ್ಟ್ ಆಗಲ್ಲಂತ ಮೊದ್ಲೇ ಓಡಿಸಿಟ್ಟೀರೇನು?”

ಕೊಟ್ರಪ್ಪನವರಿಗೆ ರೇಗಿತು. “ಮೇಡಂ ಬರ್ತಾರಂತ ತೊಳೆದು, ಒಂದು ರೌಂಡ್ ಹೊಡ್ಕಂಡು ಬಂದೀನ್ರಿ. ಹೆಣ್ಣು ತೋರಿಸೋವಾಗ ಮುಖ ತೊಳಸಲ್ವೇನ್ರಿ?”

“ಮುಖ ತೊಳಸ್ರಿ, ಜ್ವರ ಬರಿಸಬ್ಯಾಡ್ರಿ. ಆರೋತನಕ ಕೂಡ್ತೀವಿ.”

ಮೂರು ಗಂಟೆ ಕೂತೆವು. ಮಂಡಕ್ಕಿ ಬಂತು, ಮಿರ್ಚಿ ಬಂತು, ಎರಡು ಸಲ ಚಹಾ ಬಂತು. ಕೊನೆಗೆ ತಣ್ಣಗಾದ ಕಾರಿನ ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್! ಹರಿಹರದವರೆಗೆ ಓಡಿಸಿದರೂ ಗೇರ್ ಬದಲಾದದ್ದು ಗೊತ್ತಾಗಲಿಲ್ಲ. ತಪ್ಪು ಹುಡುಕಿ ಹುಡುಕಿ ಸೋತ ರುದ್ರಣ್ಣ, “ತಗೋರಿ ಮೇಡಂ” ಎಂದ.

ನನ್ನ ಎಡಗಾಲು ಎಂಟು ತಿಂಗಳಿಂದ ರಜೆ ಕೇಳುತ್ತಿತ್ತು. ಇವತ್ತು ಮಂಜೂರಾಯಿತು. ಈಗ ಹೊಟ್ಟೆಯೂ ಅರ್ಜಿ ಹಾಕಿದೆ.