ಗಾಲಿ ಅಕ್ಕ ಕುರ್ಚಿಯಲ್ಲಿ ಕೂತ ದಿನ

ಆ ಆಸ್ಪತ್ರೆಯಲ್ಲಿ ಅವಳ ಸ್ವಂತ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಹೊಲಿಗೆ ಕಾರ್ಖಾನೆಯಿಂದ ನಿವೃತ್ತಳಾದ ಮೇಲೆ ಹನ್ನೊಂದು ವರ್ಷ, ಪ್ರತಿ ಮಂಗಳವಾರ, ಸ್ವಯಂಸೇವಕರ ಹಳದಿ ಕೋಟು ತೊಟ್ಟು ರೋಗಿಗಳ ಗಾಲಿಕುರ್ಚಿ ತಳ್ಳಿದವಳು. ಎಲ್ಲರಿಗೂ ಗಾಲಿ ಅಕ್ಕ. ಸಂಬಳವಿಲ್ಲ. ವರ್ಷಕ್ಕೊಂದು ಹೂಗುಚ್ಛ, ಒಂದಿಷ್ಟು ಚಪ್ಪಾಳೆ. ಶ್ರೀಮಂತ ದೇಶ, ಏಳು ಮಹಡಿಯ ಗಾಜಿನ ಕಟ್ಟಡ ಎಬ್ಬಿಸಲು ದುಡ್ಡಿತ್ತು, ಕುರ್ಚಿ ತಳ್ಳುವ ಕೈಗೆ ಮಾತ್ರ ಪುಣ್ಯವೇ ಕೂಲಿ.

ಆ ಮಂಗಳವಾರ ಅವಳೇ ರೋಗಿ. ಸೊಂಟ ಹಿಡಿದು ಹೆಜ್ಜೆ ಕಿತ್ತಿಡಲಾಗುತ್ತಿರಲಿಲ್ಲ. ಹತ್ತು ಗಂಟೆಗೆ ಮೂರನೇ ಮಹಡಿಯಲ್ಲಿ ಸ್ಕ್ಯಾನ್. ತಪ್ಪಿದರೆ ಇನ್ನು ನಾಲ್ಕು ತಿಂಗಳು ಕಾಯಬೇಕು. ಟ್ಯಾಕ್ಸಿಯವನು ಆಸ್ಪತ್ರೆಯ ಬಾಗಿಲ ಬಳಿಯ ಗಾಲಿಕುರ್ಚಿಯಲ್ಲಿ ಕೂರಿಸಿ ಹೋದ.

ಗಾಜಿನಿಂದಿಳಿದ ಬಿಸಿಲು ನೆಲದ ಮೇಲೆ ನೀರಿನಂತೆ ಹರಡಿತ್ತು. ಜನ ಸದ್ದಿಲ್ಲದೆ ತೇಲಿ ಹೋಗುತ್ತಿದ್ದರು. ಹೊಳೆಯ ತಳದಲ್ಲಿ ಕೂತ ಹಾಗೆನಿಸಿ ಅವಳ ಕಣ್ಣು ಎಳೆಯತೊಡಗಿತು.

ಚೀಲದಲ್ಲಿ ಫೋನು ಗುರುಗುಟ್ಟಿತು. ಕೌಂಟರಿನಾಕೆ.

“ಗಾಲಿ ಅಕ್ಕ, ಎಲ್ಲಿದ್ದೀರಾ? ಕಂಪ್ಯೂಟರಲ್ಲಿ ಯಾರೋ ಪೇಷೆಂಟು ಹೆಸರು ಬಂದಿದೆ, ಹತ್ತಕ್ಕೆ ಮೂರನೇ ಮಹಡಿಗೆ ತಳ್ಕೊಂಡು ಹೋಗ್ಬೇಕು. ಬೇಗ ಬನ್ನಿ.”

“ಅದು ನಾನೇ ಕಣೇ. ಕಂಪ್ಯೂಟರಿಂದ ಕತ್ತೆತ್ತಿ ಬಾಗಿಲ ಕಡೆ ನೋಡು.”

ಕೌಂಟರಿನಾಕೆ ನೋಡಿ ನಾಲಿಗೆ ಕಚ್ಚಿಕೊಂಡಳು. “ಅಯ್ಯೋ! ಹಾಗಾದ್ರೆ ಇವತ್ತು ತಳ್ಳೋರು ಯಾರು?”

“ನನ್ನನ್ನೇ ಕೇಳ್ತೀಯಲ್ಲ!”

ಆದರೂ ಗಾಲಿ ಅಕ್ಕನಿಗೆ ಹಾಳು ಅಭ್ಯಾಸ. ಎದ್ದು ಕುರ್ಚಿಯನ್ನು ತಾನೇ ತಳ್ಳಿಕೊಂಡು ಹೋಗೋಣವೆಂದು ಕೈ ಊರಿದಳು. ಸೊಂಟ ಛಳಕ್ಕೆಂದಿತು. ಮತ್ತೆ ಕೂತಳು. “ನಾನು ಏಳಲ್ಲ. ನಿಮ್ ಸಾಹೇಬರನ್ನ ಕರಿ.”

ಟೈ ಕಟ್ಟಿದ ಮ್ಯಾನೇಜರ್ ಸಾಹೇಬರು ಬಂದರು. “ಅಕ್ಕ, ನೀವು ನಮ್ಮ ಆಸ್ಪತ್ರೆಯ ಆಸ್ತಿ...”

“ಭಾಷಣ ಆಮೇಲೆ. ಹತ್ತಕ್ಕೆ ಇನ್ನು ಆರೇ ನಿಮಿಷ. ತಳ್ಳಿ.”

ತಳ್ಳಿದರು. ಕುರ್ಚಿ ಕದಲಲಿಲ್ಲ.

“ಮೊದ್ಲು ಬ್ರೇಕ್ ಬಿಡಿ ಸ್ವಾಮಿ.”

ಕುರ್ಚಿ ಹೊರಟಿತು. ಹನ್ನೊಂದು ವರ್ಷ ಅವಳು ಕಂಡದ್ದು ನೆಲ, ರೋಗಿಗಳ ನೆತ್ತಿ. ಈಗ ತಲೆಯ ಮೇಲೆ ದೀಪಗಳು ಬೆಳಕಿನ ಮೋಡಗಳ ಹಾಗೆ ಒಂದೊಂದಾಗಿ ಸರಿದವು. ತಾನು ಇಲ್ಲಿಂದ ದಾಟಿಸಿದವರೆಲ್ಲ ಹೀಗೇ ತೇಲಿರಬೇಕು. ಹಿಂದೆ ಸಾಹೇಬರ ಏದುಸಿರು.

“ಲಿಫ್ಟಿಗೆ ಹಿಂಬದಿಯಿಂದ ಎಳ್ಕೊಳ್ಳಿ. ಹಾಂ, ಹಾಗೆ.”

ಸ್ಕ್ಯಾನ್ ಬಾಗಿಲಿಗೆ ಮುಟ್ಟಿದಾಗ ಒಂದು ನಿಮಿಷ ಉಳಿದಿತ್ತು. ಸಾಹೇಬರು ಹಣೆ ಒರೆಸಿಕೊಂಡರು.

“ಗುಣವಾದ ಮೇಲೆ ಮಂಗಳವಾರ ಬರ್ತೀರಲ್ವಾ ಅಕ್ಕ?”

“ಸಂಬಳ ಕೊಟ್ಟು ಆಳಿಡಿ. ಅಲ್ಲಿವರೆಗೂ ನೀವೇ ತಳ್ಳಿ. ಕೈ ಪಳಗುತ್ತೆ,” ಎಂದು ಕಣ್ಣು ಮುಚ್ಚಿದಳು.