ಶುಕ್ರವಾರ ಮಾರಬಾರದ ಲ್ಯಾಪ್‌ಟಾಪ್

ನನ್ನ ಲ್ಯಾಪ್‌ಟಾಪಿನ ಪರದೆ ಕಪ್ಪಾದಾಗ, ಮಾರುವುದೋ ರಿಪೇರಿ ಮಾಡಿಸುವುದೋ ಎಂದು ವಾರವಿಡೀ ತಲೆ ಕೆಡಿಸಿಕೊಂಡೆ. ನಾನು ಅರ್ಧಕ್ಕೆ ಬಿಟ್ಟಿದ್ದ ಕಾದಂಬರಿ ಅದರೊಳಗಿತ್ತು. ಬೇರೆಲ್ಲೂ ಅದರ ಪ್ರತಿ ಇರಲಿಲ್ಲ. ಮಾರಿದರೆ ಅದು ಕಳೆದುಹೋಗುತ್ತದೆ, ಇಲ್ಲವೇ ಯಾರೋ ಓದಿ ನಗುತ್ತಾರೆ. ರಿಪೇರಿ ಮಾಡಿಸಿದರೆ ಮತ್ತೆ ಕೆಡುತ್ತದೆ. ಈ ವಯಸ್ಸಿಗೆ ನನಗೆ ಯೋಚನೆ ಮಾಡುವುದು ಚೆನ್ನಾಗಿ ಬರುತ್ತದೆ, ತೀರ್ಮಾನ ಮಾಡುವುದು ಮಾತ್ರ ಬರುವುದಿಲ್ಲ.

ಕೊನೆಗೆ, ಮಾರುತ್ತೇನೆಂದು ಹಾಸನದ ಕಂಪ್ಯೂಟರ್ ಅಂಗಡಿಯವರಿಗೆ ಫೋನ್ ಮಾಡಿ, ಚನ್ನರಾಯಪಟ್ಟಣದ ನಮ್ಮ ಮನೆಯಿಂದ ಹೊರಟೆ. ಹೆಂಡತಿ ಬಾಗಿಲಲ್ಲೇ ತಡೆದಳು. ಆಯುಧಪೂಜೆಗೆ ಅವಳು ಇಟ್ಟ ಕುಂಕುಮ ಲ್ಯಾಪ್‌ಟಾಪಿನ ಬೆನ್ನ ಮೇಲೆ ಇನ್ನೂ ಇತ್ತು.

“ಶುಕ್ರವಾರ ಕಣ್ರೀ. ಪೂಜೆ ಮಾಡಿರೋ ಲಕ್ಷ್ಮಿನ ಇವತ್ತು ಮಾರ್ಕಂಡ್ ಬತ್ತೀರಾ?”

“ಅಂಗಡಿಯವರಿಗೆ ಬತ್ತೀನಿ ಅಂದ್ಬುಟ್ಟಿದೀನಲ್ಲೇ.”

“ರಿಪೇರಿಗಾದ್ರೆ ತಗಂಡೋಗಿ. ವಾಪಸ್ ಬತ್ತದಲ್ಲ.”

ಹಾಸನಕ್ಕೆ ಹೋಗಿ ರಿಪೇರಿ ಮಾಡಿಕೊಡಿ ಎಂದಾಗ ಅಂಗಡಿಯವರು, “ಮಾರ್ತೀನಿ ಅಂದಿದ್ರಲ್ಲ ಸಾ?” ಎಂದರು.

“ಇವತ್ತು ಶುಕ್ರವಾರ,” ಎಂದೆ.

ಅವರು ನಗಲಿಲ್ಲ. “ನಮ್ಮನೇಲೂ ಅಂಗೇ ಸಾ. ಶುಕ್ರವಾರ ನಂಗೆ ಬರೀ ರಿಪೇರಿನೇ,” ಎನ್ನುತ್ತ ಹೊಸ ಪರದೆ ಕೂರಿಸಿಕೊಟ್ಟರು.

ಸಂಜೆ ಮನೆಯಲ್ಲಿ ತೆರೆದು ನೋಡಿದೆ. ಕಾದಂಬರಿ ಬಿಟ್ಟಲ್ಲೇ ಇತ್ತು. ಅದರ ನಾಯಕ ಎರಡು ವರ್ಷದಿಂದ ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಅರಕಲಗೂಡಿನ ಬಸ್ಸಿಗೆ ಕಾಯುತ್ತ ನಿಂತಿದ್ದ.

ಹೆಂಡತಿ ಇಣುಕಿ ನೋಡಿ, “ಈಗಾದ್ರೂ ಅವನ್ನ ಬಸ್ ಹತ್ಸಿ, ಪಾಪ,” ಎಂದಳು.

ಹತ್ತಿಸಬಹುದಿತ್ತು. ಆದರೆ ಸೀಟು ಸಿಗುತ್ತದೋ ಇಲ್ಲವೋ ಎಂದು ನಾನು ಯೋಚಿಸತೊಡಗಿದೆ.