ಮಾಳಿಗೆ ಮೇಲಿನ ಕಬ್ಬಿಣದ ಕುರ್ಚಿ

ಕಣ್ಣು ಮುಚ್ಚಿರುತ್ತಿತ್ತು, ಕೈಕಾಲು ಆಡುತ್ತಿದ್ದವು. ಎಡಗೈ ಕಣ್ಣಿಗೆ ಕಾಣದ ಚಕ್ರವೊಂದನ್ನು ಹಿಡಿದಿದ್ದರೆ ಬಲಗೈ ಗಾಳಿಯಲ್ಲಿ ಏನನ್ನೋ ಮೆಲ್ಲಗೆ ಮುಂದಕ್ಕೆ ತಳ್ಳುತ್ತಿತ್ತು. ಬರಿಗಾಲು ಗಚ್ಚನ್ನು ಒತ್ತುತ್ತಿತ್ತು. ಬಾಯಲ್ಲಿ ಇಂಗ್ಲಿಷಿನ ಗುಣುಗುಣು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಹುಡುಗಿ ದಿನಾ ಬೆಳಿಗ್ಗೆ ಮಾಳಿಗೆ ಮೇಲೆ ಕಬ್ಬಿಣದ ಕುರ್ಚಿಯಲ್ಲಿ ಹೀಗೆ ಕೂರುತ್ತಿದ್ದಳು.

ದಕ್ಷಿಣ ಆಫ್ರಿಕಾಕ್ಕೆ ಹೋಗಿ ವಿಮಾನ ಓಡಿಸಲು ಕಲಿತು ಬಂದವಳು. ಇಲ್ಲಿನ ಪರೀಕ್ಷೆ ಪಾಸಾಗಿ ಇಲ್ಲಿನ ಲೈಸೆನ್ಸೂ ತೆಗೆದುಕೊಂಡಳು. ಕೆಲಸ ಮಾತ್ರ ಸಿಗಲಿಲ್ಲ.

"ವಿಮಾನ ಎಲ್ಲಿ ನಿಲ್ಸ್ತೀಯವ್ವ, ಸಂತಿ ಬಯಲಾಗೇನು?" ಎಂದು ಓಣಿಯವರು ಕೆಣಕುವರು.

"ನಿಮ್ಮ ತಿಪ್ಪಿ ಎತ್ತಿಸ್ರಿ, ಅಲ್ಲೇ ಇಳಸ್ತೀನಿ" ಎನ್ನುವಳು.

ಹರಪನಹಳ್ಳಿಯಿಂದ ಬಂದ ಅವಳ ಸೋದರತ್ತೆ ಈ ಕೈಯಾಟ ನೋಡಿ ಗಾಳಿ ಸೋಕಿದೆ ಎಂದು ಎದೆ ಬಡಿದುಕೊಂಡಳು. ಮರುದಿನ ದೆವ್ವ ಬಿಡಿಸುವವನನ್ನೇ ಮಾಳಿಗೆ ಹತ್ತಿಸಿದಳು. ಅವನು ಬೇವಿನ ಸೊಪ್ಪು ಎತ್ತಿದ. ಹುಡುಗಿ ಕಣ್ಣು ಬಿಡಲಿಲ್ಲ.

"ರನ್‌ವೇ ಮ್ಯಾಲ ನಿಂತೀರಿ. ಬದಿಗೆ ಸರೀರಿ."

ಅವನು ಸರಿದೇಬಿಟ್ಟ. ನಮ್ಮ ಮಾಳಿಗೆಯಲ್ಲಿ ಶಾವಿಗೆ ಒಣಹಾಕುತ್ತಿದ್ದ ನಾನು ಗೋಡೆ ದಾಟಿ ಹೋಗಿ ಸೊಪ್ಪು ಕಸಿದುಕೊಂಡೆ. "ಇದನ್ನ ಮೇಕಿಗೆ ಹಾಕ್ತೀನಿ. ನೀ ನಡಿ" ಎಂದೆ.

ಅವನು ಹೋದ ಮೇಲೆ ಕೇಳಿದೆ, "ಏನಲೇ ಇದು?"

"ವಿಮಾನ ಕೈಗೆ ಸಿಗವಲ್ದು, ಅಜ್ಜಿ. ಕೈ ಮರೀಬಾರ್ದಲ್ಲ, ಅದಕ್ಕ."

ಹೆಬ್ಬೆಟ್ಟು ಒತ್ತುತ್ತಿದ್ದ ನನ್ನನ್ನೂ ಅದೇ ಕುರ್ಚಿಯಲ್ಲಿ ಕೂರಿಸಿದಳು.

"ಕಣ್ಣು ಮುಚ್ಚಿ ಗಾಳ್ಯಾಗ ನಿನ್ನ ಹೆಸರು ಬರಿ."

"ಈ ವಯಸ್ಸಿನ್ಯಾಗ ಯಾಕಲೇ?"

"ನನಗೂ ಕೆಲಸಿಲ್ಲ, ನಿನಗೂ ಕೆಲಸಿಲ್ಲ. ಬರಿ."

ಅವಳು ಕೈ ಹಿಡಿದು ಅಕ್ಷರ ತಿದ್ದಿಸಿದಳು, ನಾನು ಬರೆದೆ. ಮುಂದೊಂದು ದಿನ ಬ್ಯಾಂಕಿನವನು ಹೆಬ್ಬೆಟ್ಟಿಗೆಂದು ಮಸಿಯ ಡಬ್ಬಿ ಮುಂದೆ ತಳ್ಳಿದಾಗ ಅದನ್ನು ವಾಪಸು ತಳ್ಳಿ ಪೆನ್ನು ಕೇಳಿದೆ. ಹೆಸರಿನಿಂದ ಶುರುವಾದದ್ದು ಈಗ ಇಷ್ಟು ಬರೆಯುವವರೆಗೆ ಬಂದಿದೆ. ತಪ್ಪಿದ್ದರೆ ಓದುವವರೇ ತಿದ್ದಿಕೊಳ್ಳಲಿ.

ಮೊದಲ ಸಲ ದಿಲ್ಲಿಗೆ ವಿಮಾನ ಕಂಪನಿಯ ಇಂಟರ್‌ವ್ಯೂಗೆ ಹೋದವಳನ್ನು ತೆಗೆದುಕೊಳ್ಳಲಿಲ್ಲ. ಅವಳಪ್ಪ, "ಸಾಕವ್ವ, ಹಗರಿಬೊಮ್ಮನಹಳ್ಳಿ ಸಾಲ್ಯಾಗ ಟೀಚರ್ ಕೆಲಸ ಐತಂತ" ಎಂದ.

"ಅದನ್ನ ಮಾಡೋರು ಭಾಳ ಮಂದಿ ಅದಾರಪ್ಪ" ಎಂದಳು. ಮರುದಿನ ಬೆಳಿಗ್ಗೆ ಮತ್ತೆ ಕುರ್ಚಿಯಲ್ಲಿದ್ದಳು.

ಈಗ ಎರಡನೇ ಸಲ ದಿಲ್ಲಿಗೆ ಹೋಗಿದ್ದಾಳೆ. ಅವಳು ಅತ್ತ ಹೋದದ್ದೇ ತಡ, ಅಪ್ಪ ಗುಜರಿಯವನನ್ನು ಕರೆಸಿದ. ಕುರ್ಚಿ ಹೋದರೆ ಮಗಳ ಹುಚ್ಚೂ ಹೋಗುತ್ತದೆ ಎಂಬುದು ಅವನ ಲೆಕ್ಕ. ನಾನು ಹೋಗಿ ಅದರಲ್ಲಿ ಕೂತೆ.

"ಏಳ್ರಿ ಯಮ್ಮಾ, ಕುರ್ಚಿ ಒಯ್ಯಾಕ ಬಂದಾನ."

"ನನ್ನನ್ನೂ ಕೂಡಿಸೇ ತೂಕ ಮಾಡು ಅನ್ನು."

ಗುಜರಿಯವನು ನಕ್ಕು ಕೆಳಗಿಳಿದ. ಅಪ್ಪ ನಗಲಿಲ್ಲ. ನಾನು ಏಳಲಿಲ್ಲ.

ಹುಡುಗಿಯ ಫೋನ್ ಇನ್ನೂ ಬಂದಿಲ್ಲ. ಕೆಲಸ ಸಿಗದಿದ್ದರೆ ಬಂದು ಇದರಲ್ಲೇ ಕೂರಲಿ. ಸಿಕ್ಕರೆ ನಾನು ಕೂರುತ್ತೇನೆ. ನನಗಿನ್ನೂ ಬರೆಯುವುದಿದೆ.